ಅದೇ ಡ್ರಾಯಿಂಗ್, ಹೊಸ ಕಂಪ್ಯೂಟರ್: ಪ್ರಿಂಟ್ ಮಾತ್ರ ಯಾಕೆ ಕೆಟ್ಟಿತು?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಸಿವಿಲ್ ಎಂಜಿನಿಯರ್ ಒಬ್ಬರ ಆಫೀಸಿನಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದೇನೆ. ಹೆಚ್ಚಾಗಿ 30×40, 20×30 ಸೈಟಿನ ಮನೆ ಪ್ಲಾನುಗಳು. ಆಟೋಕ್ಯಾಡ್ ಎಂಬ ಡ್ರಾಯಿಂಗ್ ಸಾಫ್ಟ್‌ವೇರಿನಲ್ಲಿ ಬರೆದು, ಎ3 ಪಿಡಿಎಫ್ ಮಾಡಿ, ಪ್ರಿಂಟ್ ತೆಗೆದು ಕೊಡುತ್ತೇವೆ. ಈಚೆಗೆ ಹಳೆ ಕಂಪ್ಯೂಟರ್ ಮಾರಿ ಹೊಸದು ತಂದರು. ಆಟೋಕ್ಯಾಡ್ ಕೂಡ ಹೊಸ ವರ್ಷನ್. ಅಂದಿನಿಂದ ತೊಂದರೆ ಶುರು. ಸ್ಕ್ರೀನ್ ಮೇಲೆ ಚೆನ್ನಾಗಿ ಕಾಣುವ ಗೆರೆಗಳು ಪ್ರಿಂಟಿನಲ್ಲಿ ಮಾಸಲಾಗಿ ಬರುತ್ತವೆ, ಬಾಗಿಲು ಕಿಟಕಿ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಟೈಟಲ್ ಬ್ಲಾಕಿನಲ್ಲಿ (ಶೀಟಿನ ವಿವರ ಬರೆಯುವ ಚೌಕದಲ್ಲಿ) ಕನ್ನಡದಲ್ಲಿದ್ದ ಮಾಲೀಕರ ಹೆಸರು ಪ್ರಶ್ನಾರ್ಥಕ ಚಿಹ್ನೆ ಆಗಿದೆ, ಚಕ್ಕುಬಂದಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಆಗಿದೆ. ಸೆಟ್‌ಬ್ಯಾಕಿನ (ಮನೆಯ ಸುತ್ತ ಬಿಡುವ ಜಾಗದ) ಒಂದೆರಡು ಅಳತೆ ಪಿಡಿಎಫ್‌ಗೆ ಬರುವುದೇ ಇಲ್ಲ. ಪಿಡಿಎಫ್ 38 ಎಂಬಿ ಆಗುತ್ತಿದೆ, ಅಪ್‌ಲೋಡ್ ಆಗುವುದಿಲ್ಲ. ಗೆರೆ ಮಾಸಲು ಅಂತ ಈ ಸಲ ಪ್ಲಾಟರ್ (ದೊಡ್ಡ ಶೀಟಿನ ಪ್ರಿಂಟರ್) ಇರುವ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದೆವು. ಅಲ್ಲಿ ಸ್ಕೇಲೇ ಬೇರೆ ಬಂತು. ಶೀಟಿನಲ್ಲಿ 1:100 ಅಂತ ಬರೆದಿದೆ. ನಮ್ಮ ಪ್ರಿಂಟರಿನಲ್ಲಿ 40 ಅಡಿ ಸರಿಯಾಗಿ 12.2 ಸೆಂ.ಮೀ. ಬರುತ್ತದೆ. ಅಂಗಡಿಯ ಪ್ರಿಂಟಿನಲ್ಲಿ 12.7. ಅಂಗಡಿಯವರ ಮೆಷಿನ್ ಸರಿಯಿಲ್ಲ ಅಂತ ನಾನು, ಆಟೋಕ್ಯಾಡ್ ಇನ್‌ಸ್ಟಾಲ್ ಸರಿಯಾಗಿಲ್ಲ ಅಂತ ನಮ್ಮ ಸರ್. ಎರಡು ಸಲ ತೆಗೆದು ಹಾಕಿದ್ದಾಯಿತು. ಬೇರೆ ಪಿಡಿಎಫ್ ಕನ್ವರ್ಟರ್ ಹಾಕಿಕೊಳ್ಳಬೇಕಾ?

ಉತ್ತರ: ಮೂರನೇ ಸಲ ಇನ್‌ಸ್ಟಾಲ್ ಮಾಡಲು ಹೋಗಬೇಡಿ. ನಿಮ್ಮ ಆಟೋಕ್ಯಾಡ್ ಕೆಟ್ಟಿಲ್ಲ. ಅಂಗಡಿಯವರ ಪ್ಲಾಟರ್ ಕೂಡ ಕೆಟ್ಟಿಲ್ಲ. ಇನ್ನೂ ಹೇಳಬೇಕೆಂದರೆ, ಸ್ಕೇಲಿನ ವಿಷಯದಲ್ಲಿ ಪಿಡಿಎಫ್‌ನಲ್ಲಿ ಇದ್ದದ್ದನ್ನು ಇದ್ದ ಹಾಗೆ ತೆಗೆದದ್ದು ಅಂಗಡಿಯ ಪ್ರಿಂಟೇ, ನಿಮ್ಮ ಆಫೀಸಿನದಲ್ಲ. ಅದು ಹೇಗೆ ಅಂತ ಮುಂದೆ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಎಲ್ಲ ತೊಂದರೆಗೂ ಒಂದೇ ಕಾರಣ ಹುಡುಕುತ್ತಿದ್ದೀರಿ, ಸುಸ್ತಾಗಿರುವುದು ಅದಕ್ಕೇ. ಇಲ್ಲಿ ಬೇರೆ ಬೇರೆ ಕಾರಣಗಳಿವೆ. ಮಾಸಲು ಗೆರೆ ಮತ್ತು ಕನ್ನಡ ಅಕ್ಷರ, ಇವೆರಡು ಕಂಪ್ಯೂಟರ್ ಬದಲಾದದ್ದರಿಂದ ಬಂದವು. ಸ್ಕೇಲ್ ಮತ್ತು ಕಾಣೆಯಾದ ಅಳತೆ ಮೊದಲಿನಿಂದಲೂ ಡ್ರಾಯಿಂಗಿನಲ್ಲೇ ಇದ್ದವು, ಈಗ ಕಣ್ಣಿಗೆ ಬಿದ್ದಿವೆ ಅಷ್ಟೇ. ಪಿಡಿಎಫ್ ದಪ್ಪವಾದದ್ದಕ್ಕೆ ಕಾರಣ ಮತ್ತೆ ಬೇರೆ.

ಡಿಡಬ್ಲ್ಯೂಜಿ, ಅಂದರೆ ಆಟೋಕ್ಯಾಡಿನ ಡ್ರಾಯಿಂಗ್ ಫೈಲ್, ಒಂದಿದ್ದರೆ ಡ್ರಾಯಿಂಗ್ ಪೂರ್ತಿ ಕೈಯಲ್ಲಿದೆ ಅಂತ ಬಹಳ ಜನ ನಂಬಿರುತ್ತಾರೆ. ಹಾಗಲ್ಲ. ಗೆರೆ, ಲೇಯರ್ (ಗೆರೆಗಳನ್ನು ಗುಂಪು ಮಾಡಿಡುವ ಪದರ), ಬ್ಲಾಕ್ (ಮತ್ತೆ ಮತ್ತೆ ಬಳಸುವ ಸಿದ್ಧ ಚಿತ್ರ), ಬರೆದ ಪದಗಳು ಫೈಲಿನ ಒಳಗಿರುತ್ತವೆ. ಆದರೆ ಯಾವ ಬಣ್ಣದ ಗೆರೆ ಎಷ್ಟು ದಪ್ಪ ಬರಬೇಕು ಅಂತ ಹೇಳುವ ಸಿಟಿಬಿ ಫೈಲ್ ಹೊರಗಿರುತ್ತದೆ. ಫಾಂಟ್ ಹೊರಗಿರುತ್ತದೆ. ಅಟ್ಯಾಚ್ ಮಾಡಿದ ಚಿತ್ರ, ಪ್ಲಾಟರ್ ಸೆಟ್ಟಿಂಗ್ ಎಲ್ಲವೂ ಹೊರಗೇ. ಡ್ರಾಯಿಂಗ್ ಅವುಗಳ ಹೆಸರನ್ನು ಮಾತ್ರ ಬರೆದಿಟ್ಟುಕೊಂಡಿರುತ್ತದೆ. ಮನೆ ಬದಲಿಸುವಾಗ ಬೀರು ತಂದು ಬೀಗದ ಕೈ ಹಳೆ ಮನೆಯಲ್ಲೇ ಬಿಟ್ಟುಬಂದ ಹಾಗೆ ಆಗಿದೆ ನಿಮ್ಮದು. ಹೊಸ ಕಂಪ್ಯೂಟರ್ ಆ ಹೆಸರು ಹುಡುಕುತ್ತದೆ, ಸಿಗದಿದ್ದರೆ ಇದ್ದದ್ದರಲ್ಲಿ ಏನೋ ಒಂದನ್ನು ಹಾಕಿಕೊಂಡು ಮುಂದೆ ಹೋಗುತ್ತದೆ. ಮತ್ತೆ ಇನ್‌ಸ್ಟಾಲ್ ಮಾಡಿದರೆ ಕಂಪನಿಯ ಸೆಟ್ಟಿಂಗ್ ಬರುತ್ತದೆಯೇ ಹೊರತು ನಿಮ್ಮ ಆಫೀಸಿನವರು ವರ್ಷಗಟ್ಟಲೆ ಮಾಡಿಕೊಂಡದ್ದು ಬರುವುದಿಲ್ಲ.

ರಿಪೇರಿಗೆ ಕೈ ಹಾಕುವ ಮೊದಲು ತಪ್ಪು ಹುಟ್ಟಿದ್ದು ಎಲ್ಲಿ ಅಂತ ನೋಡಿ. ಪಿಡಿಎಫ್ ಅನ್ನು ಅಕ್ರೋಬ್ಯಾಟ್ ರೀಡರ್‌ನಲ್ಲಿ ತೆರೆದು 400 ಶೇಕಡಾ ಜೂಮ್ ಮಾಡಿ. ಪಿಡಿಎಫ್‌ನಲ್ಲೇ ಗೆರೆ ಹಳದಿ, ಪ್ರಶ್ನಾರ್ಥಕ ಚಿಹ್ನೆ ಅಲ್ಲೇ ಇದೆ ಅಂದರೆ ತಪ್ಪು ಆಟೋಕ್ಯಾಡ್ ಕಡೆ. ಪಿಡಿಎಫ್ ಸರಿಯಿದ್ದು ಕಾಗದದಲ್ಲಿ ಕೆಟ್ಟಿದ್ದರೆ ತಪ್ಪು ಪ್ರಿಂಟ್ ಕೊಡುವ ಕಡೆ. ರೀಡರಿನ ಪ್ರಾಪರ್ಟೀಸ್‌ನಲ್ಲಿ ಪೇಜ್ ಸೈಜ್ ತೋರಿಸುತ್ತದೆ. ಎ3 ಆದರೆ 16.54×11.69 ಇಂಚು ಇರಬೇಕು. ಪಕ್ಕದ ಫಾಂಟ್ಸ್ ಟ್ಯಾಬ್‌ನಲ್ಲಿ ಯಾವ ಫಾಂಟ್ ಪಿಡಿಎಫ್ ಒಳಗೆ ಸೇರಿದೆ ಅಂತ ಇರುತ್ತದೆ. ಒಂದು ಎಚ್ಚರ: ಗೆರೆಯ ದಪ್ಪವನ್ನು ಮಾತ್ರ ಸ್ಕ್ರೀನ್ ನೋಡಿ ತೀರ್ಮಾನಿಸಬೇಡಿ. ತೆಳು ಗೆರೆಗಳನ್ನು ಎದ್ದು ಕಾಣುವಂತೆ ಮಾಡುವ ಒಂದು ಸೆಟ್ಟಿಂಗ್ ರೀಡರಿನಲ್ಲಿದೆ, ಅದು ಸಣ್ಣದನ್ನೂ ದಪ್ಪಗೆ ತೋರಿಸುತ್ತದೆ. ಇನ್ನೊಂದು, ರೀಡರಿನಲ್ಲಿ ಪಿಡಿಎಫ್ ತೆರೆದೇ ಇದ್ದರೆ ಅದೇ ಹೆಸರಿಗೆ ಮತ್ತೆ ಪ್ಲಾಟ್ (ಆಟೋಕ್ಯಾಡಿನಿಂದ ಪ್ರಿಂಟ್ ಅಥವಾ ಪಿಡಿಎಫ್ ತೆಗೆಯುವುದು) ಆಗುವುದಿಲ್ಲ. ಸರಿ ಮಾಡಿದ ಮೇಲೂ ಹಳೇ ಫೈಲನ್ನೇ ನೋಡುತ್ತಾ "ಏನೂ ಬದಲಾಗಲಿಲ್ಲ" ಅಂದುಕೊಳ್ಳುವವರನ್ನು ನಮ್ಮ ತರಬೇತಿಯಲ್ಲಿ ಮತ್ತೆ ಮತ್ತೆ ನೋಡುತ್ತೇನೆ. ಮುಚ್ಚಿ, ಆಮೇಲೆ ಪ್ಲಾಟ್ ಕೊಡಿ.

ಗೆರೆ ಮಾಸಲು ಯಾಕೆ

ಕಪ್ಪು ಸ್ಕ್ರೀನ್ ಮೇಲೆ ಹಳದಿ, ಸಯಾನ್ ಗೆರೆ ಚೆನ್ನಾಗಿ ಹೊಳೆಯುತ್ತವೆ. ಬಿಳಿ ಕಾಗದದ ಮೇಲೆ ಹಳದಿ ಅಂದರೆ ಹೆಚ್ಚುಕಡಿಮೆ ಬಿಳಿಯೇ. ನಿಮ್ಮ ಹಳೆ ಕಂಪ್ಯೂಟರಿನಲ್ಲಿ ಆಫೀಸಿನದೇ ಒಂದು ಸಿಟಿಬಿ ಇದ್ದಿರಬೇಕು. ಕೆಂಪಾದರೆ ಇಷ್ಟು ದಪ್ಪ, ಹಳದಿಯಾದರೆ ಅಷ್ಟು ದಪ್ಪ, ಎಲ್ಲವೂ ಕಪ್ಪು ಅಂತ ಅದರಲ್ಲಿ ಬರೆದಿರುತ್ತದೆ. ಹೊಸದರಲ್ಲಿ ಅದು ಇಲ್ಲ. ಹಾಗಾಗಿ ಬಣ್ಣ ಬಣ್ಣವಾಗಿಯೇ ಪಿಡಿಎಫ್‌ಗೆ ಹೋಗುತ್ತಿದೆ. ಅದನ್ನು ಕಪ್ಪು-ಬಿಳುಪು ಪ್ರಿಂಟರಿಗೆ ಕೊಟ್ಟಾಗ ಅದು ಬಣ್ಣವನ್ನು ಬೂದು ಮಾಡುತ್ತದೆ, ಬೂದನ್ನು ಚುಕ್ಕಿ ಚುಕ್ಕಿಯಾಗಿ ಹಾಕುತ್ತದೆ. 600 ಡಿಪಿಐ (ಇಂಚಿಗೆ 600 ಚುಕ್ಕಿ) ಪ್ರಿಂಟರಿನಲ್ಲಿ 0.25 ಮಿ.ಮೀ. ಗೆರೆಯ ಅಗಲಕ್ಕೆ ಹಿಡಿಯುವುದೇ ಆರು ಚುಕ್ಕಿ. ಆ ಆರರಲ್ಲಿ ಹೆಚ್ಚಿನವು ಖಾಲಿ ಬಿಟ್ಟರೆ ಗೆರೆ ಹರಿದುಹೋಗುತ್ತದೆ. ಕೆಂಪು, ನೀಲಿ ಕಪ್ಪಿಗೆ ಹತ್ತಿರ, ಅವು ಉಳಿಯುತ್ತವೆ. ಬಾಗಿಲು ಕಿಟಕಿಯನ್ನು ಹಳದಿಯಲ್ಲೋ ಸಯಾನ್‌ನಲ್ಲೋ ಬರೆಯುವ ಅಭ್ಯಾಸ ನಿಮ್ಮಲ್ಲಿದ್ದರೆ ಮೊದಲು ಮಾಯವಾಗುವುದು ಅವೇ.

ಟೋನರ್ ಮುಗಿದಿದೆ, ಡಿಪಿಐ ಏರಿಸಬೇಕು ಅಂತ ಕೆಲವರು ಹೇಳುತ್ತಾರೆ. ಡಿಪಿಐ ಏರಿಸಿದರೂ ಹಳದಿ ಹಳದಿಯಾಗಿಯೇ ಇರುತ್ತದೆ ಅಲ್ವಾ?

ಮಾಡಬೇಕಾದದ್ದು ಇದು. ಆಟೋಕ್ಯಾಡ್‌ನಲ್ಲಿ ಸ್ಟೈಲ್ಸ್‌ಮ್ಯಾನೇಜರ್ ಅಂತ ಕಮ್ಯಾಂಡ್ ಕೊಡಿ, ನಡುವೆ ಜಾಗ ಬಿಡದೆ ಒಂದೇ ಪದವಾಗಿ. ಸಿಟಿಬಿ ಫೈಲುಗಳಿರುವ ಫೋಲ್ಡರ್ ತೆರೆಯುತ್ತದೆ. ಹಳೆ ಹಾರ್ಡ್‌ಡಿಸ್ಕಿನ ಬ್ಯಾಕಪ್ ಇದ್ದರೆ ಅದರಲ್ಲಿ ನಿಮ್ಮ ಸಿಟಿಬಿ ಹುಡುಕಿ ಇಲ್ಲಿಗೆ ಕಾಪಿ ಮಾಡಿ. ಯಾವ ಹೆಸರು ಹುಡುಕಬೇಕು ಅಂತ ಗೊತ್ತಿಲ್ಲದಿದ್ದರೆ ಸುಮ್ನೆ ಸಿಟಿಬಿ ಎಂಬ ಎಕ್ಸ್‌ಟೆನ್ಷನ್ ಇರುವ ಫೈಲುಗಳನ್ನೆಲ್ಲ ಹುಡುಕಿಸಿ. ಅದರಲ್ಲಿ ಕಂಪನಿಯವು ಯಾವುವು, ನಿಮ್ಮದು ಯಾವುದು ಅಂತ ಹೆಸರು ನೋಡಿದರೇ ತಿಳಿಯುತ್ತದೆ.

ಬ್ಯಾಕಪ್ ಇಲ್ಲವಾದರೆ ಎರಡು ದಾರಿ. ಸುಲಭದ್ದು, ಪ್ಲಾಟ್ ಕೊಡುವಾಗ ಮಾನೋಕ್ರೋಮ್ ಸಿಟಿಬಿ ಆರಿಸುವುದು. ಎಲ್ಲ ಗೆರೆಯೂ ಕಪ್ಪಾಗುತ್ತದೆ, ಇವತ್ತಿನ ಕೆಲಸ ನಡೆಯುತ್ತದೆ. ಆದರೆ ಮಾನೋಕ್ರೋಮ್ ದಪ್ಪವನ್ನು ಮುಟ್ಟುವುದಿಲ್ಲ, ಡ್ರಾಯಿಂಗಿನಲ್ಲಿ ಕೊಟ್ಟ ಲೈನ್‌ವೇಟನ್ನೇ ತೆಗೆದುಕೊಳ್ಳುತ್ತದೆ. ನೀವು ಲೈನ್‌ವೇಟ್ ಕೊಟ್ಟೇ ಇಲ್ಲದಿದ್ದರೆ ಎಲ್ಲವೂ 0.25 ಮಿ.ಮೀ. ಗೋಡೆ, ಅಳತೆ ಗೆರೆ, ಹ್ಯಾಚ್ (ಜಾಗ ತುಂಬುವ ಗೆರೆ ವಿನ್ಯಾಸ) ಎಲ್ಲ ಒಂದೇ ದಪ್ಪ ಆಗಿ ಪ್ಲಾನ್ ಓದಲು ಕಷ್ಟ. ಆದ್ದರಿಂದ ನಾನು ಹೇಳುವುದು ಎರಡನೆಯ ದಾರಿ: ಮಾನೋಕ್ರೋಮಿನ ಒಂದು ಕಾಪಿ ತೆಗೆದು ಆಫೀಸಿನ ಹೆಸರು ಕೊಟ್ಟು, ಬಣ್ಣಕ್ಕೊಂದು ದಪ್ಪ ನೀವೇ ತುಂಬಿ. ಕತ್ತರಿಸಿದ ಗೋಡೆಗೆ 0.50, ಬಾಗಿಲು ಕಿಟಕಿಗೆ 0.25, ಅಳತೆ ಗೆರೆಗೆ 0.18, ಹ್ಯಾಚ್‌ಗೆ 0.09 ಅಥವಾ 0.13. ಎ3 ಶೀಟಿಗೆ ಇದು ಚೆನ್ನಾಗಿ ಕೂರುತ್ತದೆ. ಅರ್ಧ ಗಂಟೆಯ ಕೆಲಸ.

ಅಷ್ಟಾದರೂ ಕೆಲವು ಗಿಡ, ಕಾರು, ಸೋಫಾ ಬಣ್ಣದಲ್ಲೇ ಬಂದರೆ ಗಾಬರಿಯಾಗಬೇಡಿ. ಸಿಟಿಬಿ ಕೆಲಸ ಮಾಡುವುದು 1ರಿಂದ 255ರವರೆಗಿನ ನಂಬರ್ ಬಣ್ಣಗಳ ಮೇಲೆ ಮಾತ್ರ. ಬೇರೆಯವರಿಂದ ತಂದ ಬ್ಲಾಕುಗಳಲ್ಲಿ ಹಲವು ಸಲ ಟ್ರೂ ಕಲರ್ ಇರುತ್ತದೆ. ಪ್ರಾಪರ್ಟೀಸ್‌ನಲ್ಲಿ ಬಣ್ಣದ ಜಾಗದಲ್ಲಿ 255,255,0 ಅಂತ ಮೂರು ಸಂಖ್ಯೆ ಕಂಡರೆ ಅದೇ. ಸೆಟ್‌ಬೈಲೇಯರ್ ಕಮ್ಯಾಂಡಿನಿಂದ ಅವನ್ನು ಲೇಯರಿನ ಬಣ್ಣಕ್ಕೆ ತರಬಹುದು. ಆದರೆ ಅದು ಬ್ಲಾಕಿನ ಒಳಗಿನ ಎಲ್ಲ ಬಣ್ಣವನ್ನೂ ಒಂದೇ ಸಲ ಬದಲಿಸುತ್ತದೆ. ಫೈಲಿನ ಕಾಪಿ ಇಟ್ಟುಕೊಂಡು ಮಾಡಿ. ಲೇಯರಿಗೇ ಟ್ರೂ ಕಲರ್ ಕೊಟ್ಟಿದ್ದರೆ ಅದನ್ನೂ ನಂಬರ್ ಬಣ್ಣ ಮಾಡಬೇಕು.

12.2 ಸರಿಯೋ, 12.7 ಸರಿಯೋ

ನಿಮ್ಮ ಡ್ರಾಯಿಂಗ್ ನಾನು ನೋಡಿಲ್ಲ. ಆದರೆ 12.7 ಎಂಬ ಒಂದು ಸಂಖ್ಯೆ ಬಹಳ ಹೇಳುತ್ತದೆ.

40 ಅಡಿ ಅಂದರೆ 12.192 ಮೀಟರ್. 1:100ರಲ್ಲಿ ಅದು 121.92 ಮಿ.ಮೀ. ಬರಬೇಕು. ಅಂಗಡಿಯಲ್ಲಿ ಬಂದದ್ದು 127 ಮಿ.ಮೀ. ಅಂದರೆ ಸರಿಯಾಗಿ 5 ಇಂಚು. 40 ಅಡಿಗೆ 5 ಇಂಚು ಅಂದರೆ ಒಂದು ಅಡಿಗೆ ಕಾಲಿಂಚಿನ ಅರ್ಧ, ಒಂದೆಂಟಾಂಶ ಇಂಚು. ಇದು ಹಳೆಯ ಅಡಿ-ಇಂಚು ಸ್ಕೇಲ್. ಅಡಿಗೆ 12 ಇಂಚು, ಎಂಟರಿಂದ ಗುಣಿಸಿದರೆ 96. ಆದ್ದರಿಂದ ನಿಮ್ಮ ಪಿಡಿಎಫ್ ಇರುವುದು 1:96ರಲ್ಲಿ, 1:100ರಲ್ಲಿ ಅಲ್ಲ. ನಿಮ್ಮ ಟೆಂಪ್ಲೇಟ್ ಮಾಡಿದವರು ಯಾರೋ ಪ್ಲಾಟ್ ಸ್ಕೇಲಿನ ಪಟ್ಟಿಯಲ್ಲಿ ಅಡಿಗೆ ಒಂದೆಂಟಾಂಶ ಇಂಚು ಆರಿಸಿ, ಶೀಟಿನಲ್ಲಿ 1:100 ಅಂತ ಬರೆದಿದ್ದಾರೆ. "ಎರಡೂ ಒಂದೇ ಬಿಡಿ" ಅನ್ನುವ ಮಾತು ನಮ್ಮ ಕಡೆ ಡ್ರಾಫ್ಟಿಂಗಿನಲ್ಲಿ ತುಂಬಾ ಕೇಳುತ್ತದೆ. ಒಂದೇ ಅಲ್ಲ. ನಾಲ್ಕು ಶೇಕಡಾ ವ್ಯತ್ಯಾಸ ಇದೆ.

ಹಾಗಾದರೆ ಆಫೀಸಿನ ಪ್ರಿಂಟರಿನಲ್ಲಿ ಸರಿಯಾಗಿ 12.2 ಹೇಗೆ ಬಂತು? ರೀಡರಿನಿಂದ ಪ್ರಿಂಟ್ ಕೊಡುವಾಗ "ಫಿಟ್" ಆರಿಸಿರುತ್ತೀರಿ. ಯಾವ ಸಾಧಾರಣ ಪ್ರಿಂಟರೂ ಕಾಗದದ ಅಂಚಿನವರೆಗೆ ಹೊಡೆಯುವುದಿಲ್ಲ, ನಾಲ್ಕೂ ಕಡೆ ಕೆಲವು ಮಿ.ಮೀ. ಬಿಡುತ್ತದೆ. ಫಿಟ್ ಅಂದರೆ ಇಡೀ ಪುಟವನ್ನು ಆ ಒಳಗಿನ ಜಾಗಕ್ಕೆ ಕುಗ್ಗಿಸು ಅಂತ. ಎ3 ಕಾಗದದಲ್ಲಿ ಅದು ಹೆಚ್ಚಾಗಿ 96, 97 ಶೇಕಡಾ ಆಗುತ್ತದೆ. ಈಗ 127ನ್ನು 96 ಶೇಕಡಾಕ್ಕೆ ಕುಗ್ಗಿಸಿ ನೋಡಿ. 121.92! 1:96ರ ಡ್ರಾಯಿಂಗನ್ನು 96 ಶೇಕಡಾ ಮಾಡಿದರೆ ಸರಿಯಾಗಿ 1:100 ಆಗುತ್ತದೆ. ಎರಡು ತಪ್ಪು ಒಂದನ್ನೊಂದು ಮುಚ್ಚಿಕೊಂಡು ನಿಮ್ಮ ಆಫೀಸಿನಲ್ಲಿ ಇಷ್ಟು ದಿನ ಸರಿ ಅನ್ನಿಸಿಕೊಂಡಿವೆ. ಅಂಗಡಿಯವರು ಫಿಟ್ ಹಾಕದೆ "ಆ್ಯಕ್ಚುವಲ್ ಸೈಜ್" ಕೊಟ್ಟಿದ್ದಾರೆ, ಪಿಡಿಎಫ್‌ನಲ್ಲಿ ಇದ್ದದ್ದು ಇದ್ದ ಹಾಗೆ ಬಂದಿದೆ. ಅನುಮಾನವಿದ್ದರೆ ರೀಡರಿನ ಪ್ರಿಂಟ್ ಡಯಲಾಗ್ ತೆರೆದು ಫಿಟ್ ಒತ್ತಿ. ಎಷ್ಟು ಶೇಕಡಾ ಅಂತ ಅಲ್ಲೇ ತೋರಿಸುತ್ತದೆ.

ಇದನ್ನು ಸರಿಮಾಡಲು ಮೊದಲು ನಿಮ್ಮ ಡ್ರಾಯಿಂಗಿನ ಒಂದು ಯೂನಿಟ್ ಅಂದರೆ ಏನು ಅಂತ ತಿಳಿಯಬೇಕು. ಸೈಟಿನ 40 ಅಡಿಯ ಗೆರೆಗೆ ಲಿಸ್ಟ್ ಕಮ್ಯಾಂಡ್ ಕೊಡಿ. ಉದ್ದ 480 ಅಂತ, ಇಲ್ಲವೇ ಅಡಿ-ಇಂಚು ರೂಪದಲ್ಲಿ 40 ಅಡಿ ಅಂತ ಬಂದರೆ ಯೂನಿಟ್ ಇಂಚು. ಬರೀ 40 ಅಂದರೆ ಅಡಿ. 12.192 ಅಂದರೆ ಮೀಟರ್, 12192 ಅಂದರೆ ಮಿ.ಮೀ. ಪ್ಲಾಟ್ ಡಯಲಾಗಿನಲ್ಲಿ ಕಾಗದದ ಲೆಕ್ಕವನ್ನು ಇಂಚಿಗೆ ಇಟ್ಟು, ಯೂನಿಟ್ ಇಂಚಾದರೆ 1 ಇಂಚಿಗೆ 100 ಯೂನಿಟ್, ಅಡಿಯಾದರೆ 1 ಇಂಚಿಗೆ 8.3333 ಯೂನಿಟ್ ಕೊಡಿ. ಮೀಟರ್ ಆದರೆ ಕಾಗದವನ್ನು ಮಿ.ಮೀ. ಮಾಡಿ, 10 ಮಿ.ಮೀ.ಗೆ 1 ಯೂನಿಟ್. ಮಿ.ಮೀ. ಆದರೆ 1ಕ್ಕೆ 100. ಪಟ್ಟಿಯಲ್ಲಿ 1:100 ಅಂತ ಇರುವುದನ್ನು ಕಣ್ಣು ಮುಚ್ಚಿ ಆರಿಸಬೇಡಿ. ಕಾಗದ ಮಿ.ಮೀ.ಯಲ್ಲಿ, ಡ್ರಾಯಿಂಗ್ ಇಂಚಿನಲ್ಲಿ ಇದ್ದರೆ ಅದು 1 ಮಿ.ಮೀ.ಗೆ 100 ಇಂಚು ಅಂತ ತಿಳಿಯುತ್ತದೆ, ಮನೆ ಅಂಚೆ ಚೀಟಿಗಿಂತಲೂ ಬಹಳ ಸಣ್ಣಗೆ ಬರುತ್ತದೆ.

ನೀವು ಬಾರ್ಡರ್ ಮತ್ತು ಟೈಟಲ್ ಬ್ಲಾಕನ್ನೂ ಮಾಡೆಲ್‌ನಲ್ಲೇ (ಪ್ಲಾನ್ ಬರೆಯುವ ಜಾಗದಲ್ಲೇ) ಇಟ್ಟು ಪ್ಲಾಟ್ ಕೊಡುತ್ತಿದ್ದರೆ, ಸ್ಕೇಲ್ ಬದಲಿಸಿದ ಕೂಡಲೇ ಬಾರ್ಡರ್ ಕೂಡ ನಾಲ್ಕು ಶೇಕಡಾ ಸಣ್ಣದಾಗುತ್ತದೆ. ಒಂದೆರಡು ಶೀಟಿಗೆ ಪರವಾಗಿಲ್ಲ. ಮುಂದಕ್ಕೆ ಬಾರ್ಡರನ್ನು ಲೇಔಟ್‌ನಲ್ಲಿ (ಕಾಗದದ ಪುಟದಲ್ಲಿ) ನಿಜವಾದ ಅಳತೆಗೇ ಬರೆದು, ಪ್ಲಾನನ್ನು ವ್ಯೂಪೋರ್ಟ್ (ಆ ಪುಟದಲ್ಲಿ ಪ್ಲಾನ್ ತೋರಿಸುವ ಕಿಟಕಿ) ಮೂಲಕ ತನ್ನಿ. ಲೇಔಟ್ ಮಿ.ಮೀ.ಯಲ್ಲಿದ್ದು ಡ್ರಾಯಿಂಗ್ ಇಂಚಿನಲ್ಲಿದ್ದರೆ ವ್ಯೂಪೋರ್ಟಿನ ಒಳಗೆ ಜೂಮ್ ಕೊಟ್ಟು 0.254 ಎಕ್ಸ್‌ಪಿ, ಅಡಿಯಲ್ಲಿದ್ದರೆ 3.048 ಎಕ್ಸ್‌ಪಿ, ಮೀಟರಿಗೆ 10 ಎಕ್ಸ್‌ಪಿ. ಆಮೇಲೆ ವ್ಯೂಪೋರ್ಟ್ ಲಾಕ್ ಮಾಡಿ. ಲಾಕ್ ಮಾಡದೆ ಮೌಸ್ ಚಕ್ರ ಒಂದು ಸಲ ತಿರುಗಿದರೂ ಸ್ಕೇಲ್ ಹೋಯಿತು.

ಜನ ಫಿಟ್ ಒತ್ತಲು ಒಂದು ಕಾರಣವಿದೆ. ಆ್ಯಕ್ಚುವಲ್ ಸೈಜ್ ಕೊಟ್ಟರೆ ಬಾರ್ಡರಿನ ಅಂಚು ಕತ್ತರಿಸಿ ಹೋಗುತ್ತದೆ. ಅದಕ್ಕೆ ಬಾರ್ಡರನ್ನೇ ಕಾಗದದ ಅಂಚಿನಿಂದ 10 ಮಿ.ಮೀ. ಒಳಗೆ ಇಡಿ. ಪ್ಲಾಟರ್ ಪಟ್ಟಿಯಲ್ಲಿ ಡಿಡಬ್ಲ್ಯೂಜಿ ಟು ಪಿಡಿಎಫ್ ಆರಿಸಿ, ಕಾಗದಕ್ಕೆ ಐಎಸ್ಒ ಫುಲ್ ಬ್ಲೀಡ್ ಎ3 ತೆಗೆದುಕೊಳ್ಳಿ. ಆಗ ಪಿಡಿಎಫ್‌ನಲ್ಲಿ ಏನೂ ಕತ್ತರಿಸುವುದಿಲ್ಲ, ಪ್ರಿಂಟರೂ ಬಾರ್ಡರನ್ನು ಮುಟ್ಟುವುದಿಲ್ಲ. ಶೀಟಿನ ಒಂದು ಮೂಲೆಯಲ್ಲಿ ಸರಿಯಾಗಿ 100 ಮಿ.ಮೀ. ಉದ್ದದ ಒಂದು ಗೆರೆ ಎಳೆದು ಅದರ ಮೇಲೆ "100 ಮಿ.ಮೀ." ಅಂತ ಬರೆದಿಡಿ. ಯಾರು ಎಲ್ಲಿ ಪ್ರಿಂಟ್ ತೆಗೆದರೂ ಸ್ಕೇಲ್‌ಪಟ್ಟಿ ಇಟ್ಟರೆ ಗೊತ್ತಾಗುತ್ತದೆ. ನನ್ನ ಕೈಯಿಂದ ಹೋಗುವ ಪ್ರತಿ ಶೀಟಿನಲ್ಲೂ ಈ ಗೆರೆ ಇರುತ್ತದೆ.

ಅಂದಹಾಗೆ, ಎ1ಕ್ಕೆ ಮಾಡಿದ ಶೀಟನ್ನು ಎ3ಯಲ್ಲಿ ತೆಗೆದರೆ ಅಳತೆ ಸರಿಯಾಗಿ ಅರ್ಧ ಆಗುತ್ತದೆ, 1:100 ಹೋಗಿ 1:200 ಆಗುತ್ತದೆ. ಹಾಗೆ ತೆಗೆದದ್ದನ್ನು ಸೈಟಿಗೆ ಕಳಿಸುವುದಾದರೆ ಮೇಲೆ ಬರೆದೇ ಕಳಿಸಿ.

ಕನ್ನಡ ಅಕ್ಷರದ ಗೋಳು

ಪ್ರಶ್ನಾರ್ಥಕ ಚಿಹ್ನೆ ಮತ್ತು ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ ಬೇರೆ ಬೇರೆ ರೋಗ, ನೀವು ಎರಡನ್ನೂ ಬೇರೆಯಾಗಿ ಬರೆದದ್ದು ಒಳ್ಳೆಯದಾಯಿತು.

ಚಕ್ಕುಬಂದಿಯ ಸಾಲುಗಳು ಹಳೆಯ "ನುಡಿ" ಅಥವಾ "ಬರಹ" ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಫಾಂಟಿನಲ್ಲಿ ಟೈಪ್ ಮಾಡಿದವು. ಆ ಫಾಂಟುಗಳಲ್ಲಿ ಕಂಪ್ಯೂಟರಿಗೆ ತಿಳಿದಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆ ಮಾತ್ರ, ಕನ್ನಡದ ರೂಪ ಕೊಡುವುದು ಫಾಂಟ್. ಹೊಸ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲ, ಒಳಗಿದ್ದದ್ದು ಹೊರಗೆ ಕಂಡಿದೆ. ಡ್ರಾಯಿಂಗ್ ಕೆಟ್ಟಿಲ್ಲ. ಅದೇ ಹೆಸರಿನ ಫಾಂಟ್ ಹಾಕಿ, ಆಟೋಕ್ಯಾಡ್ ಮುಚ್ಚಿ ತೆರೆದರೆ ಕನ್ನಡ ವಾಪಸ್ ಬರುತ್ತದೆ. ಹೆಸರು ಬೇಕಾದರೆ ಸ್ಟೈಲ್ ಕಮ್ಯಾಂಡ್ ಕೊಡಿ, ಸಿಗದ ಫಾಂಟಿನ ಹೆಸರು ಅಲ್ಲಿರುತ್ತದೆ.

ಮಾಲೀಕರ ಹೆಸರು ಯೂನಿಕೋಡ್‌ನಲ್ಲಿ ಇರಬೇಕು, ಬಹುಶಃ ವಾಟ್ಸಾಪಿನಿಂದ ಕಾಪಿ ಮಾಡಿದ್ದು. ಹಳೆ ಕಂಪ್ಯೂಟರಿನಲ್ಲಿ ಅದು ತುಂಗಾ ಫಾಂಟಿನಲ್ಲಿ ಇದ್ದಿರಬಹುದು. ಹಳೆ ವಿಂಡೋಸಿನಲ್ಲಿ ತುಂಗಾ ತಾನಾಗಿ ಇರುತ್ತಿತ್ತು. ವಿಂಡೋಸ್ 10ರಿಂದ ಅದನ್ನು ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಎಂಬ ಬೇರೆ ಕಟ್ಟಿಗೆ ಹಾಕಿದ್ದಾರೆ. ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ನಿಂದ ನಾವೇ ಹಾಕಿಕೊಳ್ಳಬೇಕು. ಫಾಂಟ್ ಸಿಗದಿದ್ದಾಗ ಆಟೋಕ್ಯಾಡ್ ಸಾಮಾನ್ಯವಾಗಿ ಸಿಂಪ್ಲೆಕ್ಸ್ ಎಂಬ ತನ್ನ ಗೆರೆ ಫಾಂಟನ್ನು ಬದಲಿಗೆ ಹಾಕುತ್ತದೆ. ಅದರಲ್ಲಿ ಕನ್ನಡವೇ ಇಲ್ಲ. ಇಲ್ಲದ ಅಕ್ಷರಕ್ಕೆ ಅದು ಹಾಕುವುದು ಪ್ರಶ್ನಾರ್ಥಕ ಚಿಹ್ನೆ.

ಮುಂದಕ್ಕೆ ಏನು ಮಾಡಬಹುದು? ನನ್ನ ಸಲಹೆ, ಟೈಟಲ್ ಬ್ಲಾಕನ್ನು ಒಂದು ಸಲ ಕೂತು ಪೂರ್ತಿ ಯೂನಿಕೋಡ್‌ಗೆ ತನ್ನಿ, ಟೆಕ್ಸ್ಟ್ ಸ್ಟೈಲಿಗೆ ನಿರ್ಮಲಾ ಯುಐ ಕೊಡಿ. ಅದು ವಿಂಡೋಸ್ 8ರಿಂದ ಈಚೆಗೆ ವಿಂಡೋಸ್ ಜೊತೆಗೇ ಬರುತ್ತದೆ. ಆದರೆ ಹೊಸ ಫಾಂಟಿನಲ್ಲಿ ಒತ್ತಕ್ಷರಗಳು ಸರಿಯಾಗಿ ಕೂತಿವೆಯಾ ಅಂತ ಪಿಡಿಎಫ್‌ನಲ್ಲೇ ಓದಿ ನೋಡಿ. ಮಾಲೀಕರ ಹೆಸರಿನಲ್ಲಿ ಒಂದು ಒತ್ತು ತಪ್ಪಿದರೂ ದಾಖಲೆಯ ಹೆಸರಿಗೆ ಹೊಂದುವುದಿಲ್ಲ. ಸರಿ ಬರದಿದ್ದರೆ ನುಡಿಯಲ್ಲೇ ಮುಂದುವರಿಸಿ, ತಪ್ಪೇನಿಲ್ಲ.

ಅಕ್ಷರವನ್ನು ಒಡೆದು ಗೆರೆ ಮಾಡುವ ದಾರಿಯೂ ಉಂಟು, ಎಕ್ಸ್‌ಪ್ರೆಸ್ ಟೂಲ್ಸ್‌ನ ಟಿಎಕ್ಸ್‌ಟಿಇಎಕ್ಸ್‌ಪಿ (TXTEXP) ಕಮ್ಯಾಂಡ್. ಎಲ್ಲಿ ತೆರೆದರೂ ಒಂದೇ ಥರ ಕಾಣುತ್ತದೆ ನಿಜ. ಆದರೆ ಒಡೆದ ಮೇಲೆ ಅದು ಅಕ್ಷರವಲ್ಲ, ತಿದ್ದಲು ಬರುವುದಿಲ್ಲ. ಮೂಲ ಫೈಲಿನಲ್ಲಿ ಖಂಡಿತ ಮಾಡಬೇಡಿ. ಇದಕ್ಕಿಂತ ಒಳ್ಳೆಯದು ಪ್ಲಾಟ್ ಡಯಲಾಗಿನ ಪಿಡಿಎಫ್ ಆಪ್ಷನ್ಸ್. ಅಲ್ಲಿ ಡ್ರಾಯಿಂಗಿನ ಫಾಂಟುಗಳನ್ನು ಪಿಡಿಎಫ್ ಒಳಗೆ ಸೇರಿಸು ಎಂಬ ಆಯ್ಕೆ ಇದೆ, ಅದಕ್ಕೆ ಗುರುತು ಹಾಕಿ. ಎಲ್ಲ ಅಕ್ಷರವನ್ನೂ ಗೆರೆ ಮಾಡು ಎಂಬುದೂ ಅಲ್ಲೇ ಇದೆ. ಅದು ಪಿಡಿಎಫ್‌ಗೆ ಮಾತ್ರ ತಾಗುತ್ತದೆ, ಡ್ರಾಯಿಂಗ್ ಹಾಗೇ ಉಳಿಯುತ್ತದೆ. ಅಂಗಡಿಗೆ ಡಿಡಬ್ಲ್ಯೂಜಿ ಕೊಡಬೇಡಿ, ಪಿಡಿಎಫ್ ಕೊಡಿ. ಬೇರೆ ಆಫೀಸಿಗೆ ಡ್ರಾಯಿಂಗೇ ಕಳಿಸಬೇಕಾದಾಗ ಈಟ್ರಾನ್ಸ್‌ಮಿಟ್ ಬಳಸಿ. ಸಿಟಿಬಿ, ಅಟ್ಯಾಚ್ ಮಾಡಿದ ಚಿತ್ರ, ಆಯ್ಕೆ ಕೊಟ್ಟರೆ ಫಾಂಟ್ ಎಲ್ಲವನ್ನೂ ಒಂದು ಜಿಪ್ ಮಾಡಿಕೊಡುತ್ತದೆ. ಹಳೆ ಕಂಪ್ಯೂಟರ್ ಮಾರುವ ಮೊದಲು ಹೀಗೆ ಒಂದು ಜಿಪ್ ಮಾಡಿದ್ದರೂ ಅರ್ಧ ತೊಂದರೆ ತಪ್ಪುತ್ತಿತ್ತು.

ಉಳಿದ ಎರಡು

ಕಾಣೆಯಾದ ಸೆಟ್‌ಬ್ಯಾಕ್ ಅಳತೆಗಳ ಮೇಲೆ ಕ್ಲಿಕ್ ಮಾಡಿ ಲೇಯರ್ ನೋಡಿ. ಡೆಫ್‌ಪಾಯಿಂಟ್ಸ್ ಅಂತ ಇರುತ್ತದೆ, ನೂರಕ್ಕೆ ತೊಂಬತ್ತು ಸಲ ಅದೇ. ಮೊದಲ ಡೈಮೆನ್ಷನ್ ಹಾಕಿದಾಗ ಆಟೋಕ್ಯಾಡ್ ತಾನೇ ಈ ಲೇಯರ್ ಮಾಡಿಕೊಳ್ಳುತ್ತದೆ. ಅಳತೆ ಹಿಡಿಯುವ ಸಣ್ಣ ಚುಕ್ಕಿಗಳಿಗಾಗಿ ಇರುವುದು ಅದು. ಸ್ಕ್ರೀನ್ ಮೇಲೆ ಕಾಣುತ್ತದೆ, ಪ್ರಿಂಟಿಗೆ ಬರುವುದಿಲ್ಲ. ಮ್ಯಾಚ್‌ಪ್ರಾಪ್ (ಒಂದರ ಗುಣ ಇನ್ನೊಂದಕ್ಕೆ ಹಾಕುವ ಕಮ್ಯಾಂಡ್) ಮಾಡುವಾಗ ಕೈತಪ್ಪಿ ಬೇರೆ ವಸ್ತುಗಳೂ ಅದಕ್ಕೆ ಸೇರಿಬಿಡುತ್ತವೆ. ಕ್ಯೂಸೆಲೆಕ್ಟ್‌ನಲ್ಲಿ ಲೇಯರ್ ಡೆಫ್‌ಪಾಯಿಂಟ್ಸ್ ಅಂತ ಕೊಟ್ಟು ಎಲ್ಲವನ್ನೂ ಒಟ್ಟಿಗೆ ಹಿಡಿದು ಸರಿಯಾದ ಲೇಯರಿಗೆ ಹಾಕಿ. ಹಾಗೆಯೇ ಲೇಯರ್ ಪಟ್ಟಿಯಲ್ಲಿ ಪ್ರಿಂಟರಿನ ಚಿತ್ರದ ಮೇಲೆ ಅಡ್ಡಗೆರೆ ಇರುವ ಲೇಯರ್ ಬೇರೆ ಇದೆಯಾ ನೋಡಿ, ಅದೂ ಪ್ರಿಂಟ್ ಆಗುವುದಿಲ್ಲ.

38 ಎಂಬಿಯ ವಿಷಯ. ಒಂದು ಮನೆ ಪ್ಲಾನಿನ ಗೆರೆಗಳಿಗೆ ಅಷ್ಟು ತೂಕ ಇರುವುದಿಲ್ಲ. ಲೊಕೇಷನ್ ತೋರಿಸಲು ಮ್ಯಾಪಿನ ಚಿತ್ರ ಪೇಸ್ಟ್ ಮಾಡಿದ್ದೀರಾ? ಎಲಿವೇಷನ್‌ನಲ್ಲಿ ಇಟ್ಟಿಗೆ, ಹುಲ್ಲಿನ ಹ್ಯಾಚ್ ಬಹಳ ದಟ್ಟವಾಗಿದೆಯಾ? ಪ್ಲಾಟ್ ಡಯಲಾಗಿನಲ್ಲಿ ಪ್ಲಾಟ್ ಟ್ರಾನ್ಸ್‌ಪರೆನ್ಸಿಗೆ ಗುರುತು ಬಿದ್ದಿದೆಯಾ? ಈ ಮೂರರಲ್ಲಿ ಒಂದು. ಕೊನೆಯದರ ಮೇಲೆ ನನಗೆ ಜಾಸ್ತಿ ಅನುಮಾನ. ಅದು ಇದ್ದರೆ ಹಲವು ಸಲ ಗೆರೆಗಳು ಗೆರೆಯಾಗಿ ಉಳಿಯದೆ ಚಿತ್ರವಾಗಿ ಹೋಗುತ್ತವೆ, ಜೂಮ್ ಮಾಡಿದರೆ ಅಂಚು ಒಡೆದು ಕಾಣುತ್ತದೆ. ಬೇಕಿಲ್ಲದಿದ್ದರೆ ಗುರುತು ತೆಗೆಯಿರಿ. ಚಿತ್ರವನ್ನು ಡ್ರಾಯಿಂಗಿಗೆ ಹಾಕುವ ಮೊದಲೇ ಸಣ್ಣದು ಮಾಡಿ, ಹ್ಯಾಚ್ ಸ್ಕೇಲ್ ಏರಿಸಿ. ಎಕ್ಸ್‌ಪೋರ್ಟ್ ಆದ ಪಿಡಿಎಫ್ ಅನ್ನು ಆನ್‌ಲೈನ್‌ನಲ್ಲಿ ಕುಗ್ಗಿಸಬೇಡಿ. ಅದು ಗೆರೆಯನ್ನೂ ಮಸುಕು ಮಾಡಬಹುದು. ಮಾಲೀಕರ ಹೆಸರು, ಸೈಟ್ ನಂಬರ್, ಮನೆಯ ಒಳಗಿನ ವಿವರ ಇರುವ ಕಾಗದ ಗೊತ್ತಿಲ್ಲದವರ ಸರ್ವರಿಗೆ ಹೋಗುವುದೂ ಸರಿಯಲ್ಲ.

ಬೇರೆ ಕನ್ವರ್ಟರ್ ಬೇಕಾ ಅಂದಿರಿ. ಬೇಡ. ಮೇಲೆ ಹೇಳಿದ ಒಂದೂ ಅದರಿಂದ ಸರಿಹೋಗುವುದಿಲ್ಲ. ವಿಂಡೋಸ್ ಜೊತೆ ಬರುವ ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್‌ನಲ್ಲಿ ಎ1 ಕಾಗದವೇ ಇಲ್ಲ. ಆಟೋಕ್ಯಾಡಿನದ್ದೇ ಡಿಡಬ್ಲ್ಯೂಜಿ ಟು ಪಿಡಿಎಫ್ ಸಾಕು. ಪಿಡಿಎಫ್ ಸರಿಯಿದ್ದೂ ಯಾವುದೋ ಒಂದು ಪ್ರಿಂಟರಿನಲ್ಲಿ ಮಾತ್ರ ಅಕ್ಷರವೋ ಹ್ಯಾಚೋ ಬಿಟ್ಟುಹೋದರೆ, ರೀಡರಿನ ಪ್ರಿಂಟ್ ಡಯಲಾಗಿನಲ್ಲಿ ಅಡ್ವಾನ್ಸ್ಡ್ ಒತ್ತಿ "ಪ್ರಿಂಟ್ ಆ್ಯಸ್ ಇಮೇಜ್" ಕೊಡಿ. ಗೆರೆಯ ಚೂಪು ಸ್ವಲ್ಪ ಕಡಿಮೆಯಾಗುತ್ತದೆ, ತುರ್ತಿಗೆ ಆಗುತ್ತದೆ.

ಕೆಲಸದ ಕ್ರಮ ಹೀಗಿರಲಿ. ಇವತ್ತೇ ಫಾಂಟ್ ಹಾಕಿ, ಮಾನೋಕ್ರೋಮ್ ಸಿಟಿಬಿ ಆರಿಸಿ, ಸ್ಕೇಲ್ ಸರಿಮಾಡಿ, ಅಂಗಡಿಯಲ್ಲಿ ಆ್ಯಕ್ಚುವಲ್ ಸೈಜ್‌ನಲ್ಲಿ ಒಂದು ಶೀಟ್ ತೆಗೆಸಿ ಸ್ಕೇಲ್‌ಪಟ್ಟಿ ಇಟ್ಟು ನೋಡಿ. 40 ಅಡಿಗೆ 12.2 ಬಂದ ಮೇಲೆ ಆಫೀಸಿನ ಸಿಟಿಬಿ, ಲೇಔಟ್, ಹೊಸ ಟೈಟಲ್ ಬ್ಲಾಕ್ ನಿಧಾನವಾಗಿ ಮಾಡಿಕೊಳ್ಳಿ.

ಇನ್ನೊಂದು ವಿಷಯವನ್ನು ನಿಮ್ಮ ಸರ್‌ಗೆ ನೀವೇ ಹೇಳಬೇಕು. ಇದೇ ಟೆಂಪ್ಲೇಟಿನಿಂದ ಈಗಾಗಲೇ ಹೊರಗೆ ಹೋಗಿರುವ ಪಿಡಿಎಫ್‌ಗಳೆಲ್ಲ 1:96ರಲ್ಲೇ ಇವೆ. ಬರೆದ ಅಳತೆ ಸರಿಯಿದೆ, ಬರೆದದ್ದನ್ನೇ ನೋಡಿ ಕಟ್ಟಿದವರಿಗೆ ತೊಂದರೆಯಿಲ್ಲ. ಆದರೆ ಸೈಟಿನಲ್ಲಿ ಮೇಸ್ತ್ರಿ ಪ್ರಿಂಟಿನ ಮೇಲೆ ಪಟ್ಟಿ ಇಟ್ಟು ಅಳೆಯುವುದು ನಮ್ಮಲ್ಲಿ ಇದ್ದದ್ದೇ. ಅಂಗಡಿಯಲ್ಲಿ ತೆಗೆಸಿದ ಶೀಟನ್ನು 1:100 ಅಂತ ನಂಬಿ ಅಳೆದರೆ 40 ಅಡಿ ಗೋಡೆ 41 ಅಡಿ 8 ಇಂಚು ಅಂತ ಬರುತ್ತದೆ, 3 ಅಡಿ ಸೆಟ್‌ಬ್ಯಾಕ್ 3 ಅಡಿ ಒಂದೂವರೆ ಇಂಚು ಆಗುತ್ತದೆ. ಈಗ ಕೆಲಸ ನಡೆಯುತ್ತಿರುವ ಮನೆಗಳಿಗಾದರೂ ಹೊಸ ಪ್ರಿಂಟ್ ಕಳಿಸಿ, ಹಳೆಯದನ್ನು ವಾಪಸ್ ತರಿಸಿಕೊಳ್ಳಿ.